ಕೌದಿಯ ಬೆಲೆ

ಉಟ್ಟು ಹಳತಾದ ಸೀರೆ, ಮಾಸಿದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ ಮೊದಲಾದವುಗಳನ್ನು ಒಗೆದು ಒಣಗಿಸಿ, ಗಟ್ಟಿಯಾಗಿ ಉಳಿದ ಭಾಗಗಳನ್ನು ಆರಿಸಿ ಕತ್ತರಿಸಿ, ಒಂದರ ಮೇಲೊಂದು ಪದರವಾಗಿ ಹಾಸಿ, ಸೂಜಿದಾರಗಳಿಂದ ಸಾಲುಸಾಲಾಗಿ ಹೊಲಿದರೆ ಅದು ಕೌದಿಯಾಗುತ್ತದೆ. ಹಾಸುವುದಕ್ಕೂ ಅದೇ, ಹೊದೆಯುವುದಕ್ಕೂ ಅದೇ. ತೊಟ್ಟಿಲ ಕೂಸಿನ ಮೈಗೂ ಅದೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ೨೦೨೧ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿವೆ. ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದ ಈ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ, ಬೇಸಿಗೆಯ ಮಧ್ಯಾಹ್ನಗಳಲ್ಲಿ, ಜಗಲಿಯ ಮೇಲೆ ಕೌದಿ ಹರವಿಕೊಂಡು ಕುಳಿತ ಹೆಂಗಸರು ಕಾಣಸಿಗುತ್ತಾರೆ.

ತಮ್ಮ ಮನೆಗಾಗಿ ಹೊಲಿದುಕೊಳ್ಳುವ ಕೌದಿಗೆ ಬೆಲೆಯ ಮಾತಿಲ್ಲ. ಆದರೆ ಎಲ್ಲರಿಗೂ ಈ ಕೆಲಸ ಬರುವುದಿಲ್ಲ. ಬಂದರೂ ಪುರಸೊತ್ತು ಇರುವುದಿಲ್ಲ. ಅಂಥವರು ಬಲ್ಲವರಿಂದ ಹೊಲಿಸಿಕೊಳ್ಳುತ್ತಾರೆ. ಉತ್ತರ ಕರ್ನಾಟಕದಲ್ಲಿ ಗೊಂದಲಿಗರೇ ಮೊದಲಾದ ಅಲೆಮಾರಿ ಸಮುದಾಯಗಳ ಸ್ತ್ರೀಯರು ಊರಿಂದೂರಿಗೆ ಹೋಗಿ ಕೌದಿ ಹೊಲಿದುಕೊಡುವ ವಾಡಿಕೆ ಉಂಟು. ಹಿಂದೆ ಈ ಕೆಲಸಕ್ಕೆ ಕಾಳುಕಡಿ, ಒಂದು ಹಳೆಯ ಸೀರೆ, ಹೊತ್ತಿನ ಊಟ ಸಂದಾಯವಾಗುತ್ತಿದ್ದವು. ಈಗ ಹಣ ಕೊಡುವ ಕಾಲ. ಹಣವೆಂದೊಡನೆ ಎಷ್ಟು ಎಂಬ ಪ್ರಶ್ನೆ ಏಳುತ್ತದೆ.

ಹೊಲಿಸುವವರ ವಾದ ಸಾಮಾನ್ಯವಾಗಿ ಹೀಗಿರುತ್ತದೆ: ಬಟ್ಟೆ ನಮ್ಮದೇ, ಅದೂ ಹಳೆಯದು, ದಾರಕ್ಕೆ ಎಷ್ಟು ಮಹಾ ಖರ್ಚು? ಇನ್ನು ಹೊಲಿಗೆಯೋ, ಬಿಡುವಿನ ವೇಳೆಯಲ್ಲಿ ಕುಳಿತು ಮಾಡುವ ಕೆಲಸ. ಕೇಳುವುದಕ್ಕೆ ಸರಿಯೆಂದು ತೋರುವ ಈ ವಾದದಲ್ಲಿ ಒಂದು ಮೋಸ ಅಡಗಿದೆ. ಚಿಂದಿಗೆ ಬೆಲೆಯಿಲ್ಲವೆಂಬ ನಿಜದಿಂದ, ಚಿಂದಿಯನ್ನು ಕೌದಿ ಮಾಡಿದ ಕೈಗೂ ಬೆಲೆಯಿಲ್ಲವೆಂಬ ಸುಳ್ಳಿಗೆ ಅದು ಸದ್ದಿಲ್ಲದೆ ಜಾರುತ್ತದೆ.

ಕೈಕೆಲಸವನ್ನು ಲೆಕ್ಕಕ್ಕೆ ತರುವುದು ಕಷ್ಟವೇನೂ ಅಲ್ಲ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಕೌದಿಯನ್ನು ತೆಗೆದುಕೊಳ್ಳಬಹುದು. ಅದರ ಅಗಲ ೪೮ ಅಂಗುಲ. ಅರ್ಧ ಅಂಗುಲಕ್ಕೊಂದರಂತೆ ಹೊಲಿಗೆ ಹಾಕಿದರೆ ೯೬ ಸಾಲುಗಳಾಗುತ್ತವೆ. ಒಂದೊಂದು ಸಾಲು ಆರು ಅಡಿಯೆಂದರೆ ಒಟ್ಟು ೫೭೬ ಅಡಿ ಹೊಲಿಗೆ. ಅಂಗುಲಕ್ಕೆ ಮೂರು ಹೊಲಿಗೆಯಂತೆ ಎಣಿಸಿದರೂ ಆ ಒಂದು ಕೌದಿಯಲ್ಲಿ ೨೦,೭೩೬ ಸಲ ಸೂಜಿ ಇಳಿದು ಮೇಲೆದ್ದಿರಬೇಕು. ಅದೂ ಒಂದೇ ಪದರದಲ್ಲಲ್ಲ. ನಾಲ್ಕೈದು ಪದರಗಳನ್ನು ತೂರಿಕೊಂಡು. ನುರಿತ ಕೈ ಗಂಟೆಗೆ ನಾಲ್ಕು ಸಾಲು ಮುಗಿಸೀತೆಂದು ಭಾವಿಸಿದರೆ ಹೊಲಿಗೆಗೇ ೨೪ ಗಂಟೆ ಬೇಕು. ಬಟ್ಟೆ ಬಿಡಿಸುವುದು, ಒಗೆಯುವುದು, ಬಣ್ಣ ಹೊಂದಿಸಿ ಕತ್ತರಿಸುವುದು, ಸುಕ್ಕಿಲ್ಲದಂತೆ ಹಾಸಿ ಕಚ್ಚಾಹೊಲಿಗೆ ಹಾಕುವುದು, ಅಂಚು ಕಟ್ಟುವುದು ಇವಕ್ಕೆ ಇನ್ನೂ ಎಂಟು ಗಂಟೆ. ಒಟ್ಟು ೩೨ ಗಂಟೆ, ಅಂದರೆ ಎಂಟು ಗಂಟೆಯ ನಾಲ್ಕು ದಿನದ ದುಡಿಮೆ.

ಆ ದುಡಿಮೆಗೆ ದರ ಯಾವುದು? ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕಕ್ಕೆ ೨೦೨೫-೨೬ನೆಯ ಸಾಲಿಗೆ ದಿನಕ್ಕೆ ೩೭೦ ರೂಪಾಯಿ ಕೂಲಿ ಗೊತ್ತಾಗಿತ್ತು. ಅದರಲ್ಲಿ ಹೆಣ್ಣುಗಂಡೆಂಬ ಭೇದವಿರಲಿಲ್ಲ. ಕೆರೆಯ ಹೂಳೆತ್ತಿದ ಕೈಗೆ ಸಲ್ಲುವಷ್ಟಾದರೂ ಕೌದಿ ಹೊಲಿದ ಕೈಗೆ ಸಲ್ಲಬೇಡವೆ? ನಾಲ್ಕು ದಿನಕ್ಕೆ ೧,೪೮೦ ರೂಪಾಯಿ. ದಾರ, ಸೂಜಿ, ಅಂಚಿನ ಹೊಸ ಬಟ್ಟೆಗೆ ೧೨೦ ರೂಪಾಯಿ ಹಿಡಿದರೆ ೧,೬೦೦ ಆಯಿತು. ಇದು ಕನಿಷ್ಠ ಲೆಕ್ಕ. ಇದರಲ್ಲಿ ಕುಶಲತೆಗೆಂದು ಒಂದು ಕಾಸೂ ಸೇರಿಲ್ಲ. ಇದೇ ಕೌದಿಗೆ ೫೦೦ ರೂಪಾಯಿ ಕೊಟ್ಟು ಧಾರಾಳಿಯೆನಿಸಿಕೊಂಡವನು ನಿಜವಾಗಿ ಕೊಟ್ಟದ್ದು, ಸಾಮಗ್ರಿಯ ಖರ್ಚು ಕಳೆದರೆ, ಗಂಟೆಗೆ ೧೨ ರೂಪಾಯಿಗಿಂತಲೂ ಕಡಿಮೆ.

‘ಬಿಡುವಿನ ವೇಳೆ’ ಎಂಬ ಮಾತನ್ನೂ ಸ್ವಲ್ಪ ತಡೆದು ನೋಡಬೇಕು. ಮಳೆ ಕೈಕೊಟ್ಟ ವರ್ಷ ಈ ತಾಲ್ಲೂಕುಗಳ ಹಳ್ಳಿಗಳಿಂದ, ಲಂಬಾಣಿ ತಾಂಡಾಗಳಿಂದ ದುಡಿಯುವ ಜನ ಕೆಲಸ ಅರಸಿ ದೂರದ ಊರುಗಳಿಗೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕಿಯರು, ಬಾಣಂತಿಯರು, ಶಾಲೆಗೆ ಹೋಗುವ ಮಕ್ಕಳು. ನೀರು ಹೊತ್ತು, ರೊಟ್ಟಿ ಬಡಿದು, ದನ ಕಟ್ಟಿದ ಮೇಲೆ ಸಿಕ್ಕುವ ಎರಡು ಗಂಟೆ ಬಿಡುವಲ್ಲ. ಅದು ವಿಶ್ರಾಂತಿಯಿಂದ ಕತ್ತರಿಸಿ ತೆಗೆದ ತುಂಡು. ಆ ಹೊತ್ತಿನಲ್ಲಿ ಹೊಲಿದ ಕೌದಿಯ ಹಣ ಕೆಲವು ಮನೆಗಳಲ್ಲಿ ಆ ತಿಂಗಳ ಎಣ್ಣೆ, ಔಷಧ, ನೋಟುಪುಸ್ತಕ.

ದರ ಏರಿದರೆ ಕೊಳ್ಳುವವರು ಎಲ್ಲಿ ಎಂಬ ಆಕ್ಷೇಪ ಹುಸಿಯಲ್ಲ. ಗಿರಣಿಯ ಹೊದಿಕೆ ಅಂಗಡಿಯಲ್ಲಿ ಅಗ್ಗವಾಗಿಯೇ ಸಿಕ್ಕುತ್ತದೆ. ಇದೇ ಪ್ರಶ್ನೆ ಖಾದಿಯನ್ನೂ ಕಾಡಿತ್ತು. ೧೯೩೫ರಲ್ಲಿ ಗಾಂಧೀಜಿಯವರು ನೂಲುವವರಿಗೆ ಹೊಟ್ಟೆ ತುಂಬುವಷ್ಟು ಕೂಲಿ ಸಿಗಲೇಬೇಕೆಂದು ಹಿಡಿದು ಕುಳಿತರು. ಅಖಿಲ ಭಾರತ ಚರಕಾ ಸಂಘವು ಎಂಟು ಗಂಟೆಯ ಕೆಲಸವನ್ನು ಅಳತೆಯಾಗಿಟ್ಟುಕೊಂಡು ಕೂಲಿ ಏರಿಸಲು ಒಪ್ಪಿತು. ಬಟ್ಟೆ ತುಟ್ಟಿಯಾದರೆ ಮಾರಾಟ ಕುಸಿದೀತೆಂದು ಜೊತೆಗಾರರಲ್ಲೇ ಅಂಜಿಕೆಯಿತ್ತು. ಬಡವರ ಬಟ್ಟೆಯ ಅಗ್ಗವನ್ನು ಅವರಿಗಿಂತ ಬಡವರಾದವರ ಹಸಿವಿನಿಂದ ಸಂಪಾದಿಸಬಾರದೆಂಬುದು ಗಾಂಧೀಜಿಯವರ ನಿಲುವಾಗಿತ್ತು.

ಹಣ ಸಾಲದವರು ಕೂಲಿಯನ್ನು ಕಡಿಮೆ ಮಾಡುವ ಬದಲು ಕೆಲಸವನ್ನು ಕಡಿಮೆ ಮಾಡಿಸಿಕೊಳ್ಳಬಹುದು. ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲದ ತೊಟ್ಟಿಲ ಕೌದಿಗೆ ೧೮೦ ಅಡಿ ಹೊಲಿಗೆ ಸಾಕು. ದೊಡ್ಡದರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಸಾಲುಗಳ ನಡುವೆ ಒಂದು ಅಂಗುಲ ಬಿಟ್ಟರೆ ಹೊಲಿಗೆ ಅರ್ಧಕ್ಕಿಳಿಯುತ್ತದೆ. ಆದರೆ ಒಗೆತಕ್ಕೆ ಪದರಗಳು ಬೇಗ ಸರಿದು ಗುಡ್ಡೆಗಟ್ಟುತ್ತವೆ. ಅಳತೆ, ಸಾಲಿನ ಅಂತರ, ಅಂಚು, ದಾರ ಯಾರದು, ಮುಂಗಡ ಎಷ್ಟು, ಯಾವ ದಿನಕ್ಕೆ ಬೇಕು ಎಂಬುದನ್ನು ಸೂಜಿ ಹಿಡಿಯುವ ಮೊದಲೇ ಆಡಿ ಮುಗಿಸಬೇಕು. ಹೊಲಿದು ಮುಗಿದ ಮೇಲೆ ಚೌಕಾಸಿ ಮಾಡುವುದು ನ್ಯಾಯವಲ್ಲ. ಆಗ ಆಕೆ ಕೌದಿಯನ್ನು ಬೇರೆಯವರಿಗೆ ಮಾರಲಾರಳು, ಬಟ್ಟೆ ಅವಳದಲ್ಲ.

ಕೇಳಲು ಸಂಕೋಚಪಡುವುದು ಹೊಲಿಯುವವರ ದೋಷವೂ ಹೌದು. ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸಿದ ಕಥೆ ಎಲ್ಲರಿಗೂ ಗೊತ್ತು. ಕಾಯಕಕ್ಕೆ ಮೀರಿದ್ದು ಬೇಡವೆಂದವಳ ನ್ಯಾಯದಲ್ಲಿ, ಕಾಯಕಕ್ಕೆ ತಕ್ಕದ್ದನ್ನು ಬಿಡಬೇಕಾಗಿಯೂ ಇಲ್ಲ.

ಕೂಡ್ಲಿಗಿಯ ನೆರೆಯ ಸಂಡೂರಿನ ಲಂಬಾಣಿ ಕಸೂತಿಗೆ ೨೦೧೦ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಬೇರೆಡೆಯ ನಕಲು ಆ ಹೆಸರಿನಲ್ಲಿ ಮಾರಾಟವಾಗದಂತೆ ಅದು ಕಾಯುತ್ತದೆ. ಕೂಲಿಯನ್ನು ಮಾತ್ರ ಅದು ಗೊತ್ತುಮಾಡುವುದಿಲ್ಲ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ತಮ್ಮ ಕವಂದಿಯ ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ಹೂವಿಟ್ಟ ಮೇಲೆಯೇ ಅದು ಪೂರ್ಣವಾಯಿತೆನ್ನುತ್ತಾರೆ. ಆ ಹೂವು ಚಳಿಯನ್ನು ತಡೆಯುವುದಿಲ್ಲ, ನಿಜ. ಅದಕ್ಕೆ ಹಿಡಿದ ಹೊತ್ತನ್ನೂ ಲೆಕ್ಕದಲ್ಲಿ ಬರೆಯಬೇಕು.

ಹೊಸದರ ಲೆಕ್ಕವಾದರೂ ಸುಲಭ. ಅಜ್ಜಿಯ ಕಾಲದ ಕೌದಿಯನ್ನು ತಂದು, ಸವೆದಲ್ಲಿ ತೇಪೆ ಹಾಕಿಕೊಡೆಂದು ಕೇಳುವವರೂ ಉಂಟು. ಅಲ್ಲಿ ಅಡಿ ಅಂಗುಲಗಳ ಅಳತೆ ನಡೆಯದು. ಸಡಿಲವಾದ ಹಳೆಯ ದಾರವನ್ನು ಬಿಚ್ಚುವುದಕ್ಕೇ ಒಂದು ಮಧ್ಯಾಹ್ನ ಕಳೆದೀತು. ತೇಪೆ ಹಚ್ಚಿದಲ್ಲಿಯೇ ಪಕ್ಕದ ಬಟ್ಟೆ ಜಿಗಿದು ಹರಿದೀತು. ಆದಕಾರಣ ತಿಳಿದವರು ಅಂಥದಕ್ಕೆ ಮೊದಲೇ ಬೆಲೆ ಹೇಳುವುದಿಲ್ಲ. ಕುಳಿತ ಹೊತ್ತನ್ನು ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದು ಗುರುತಿಟ್ಟುಕೊಂಡು, ಗೆರೆಗಿಷ್ಟು ಎಂದು ಪಡೆಯುವುದೇ ಸರಿ.