ದಮ್ಮು ತವರಿನದೋ, ಮಾತ್ರೆಯದೋ?

ಪ್ರಶ್ನೆ: ನನಗೆ 41 ವರ್ಷ. ಆರೇಳು ವರ್ಷದಿಂದ ಸದಾ ನೆಗಡಿ, ಮೂಗು ಕಟ್ಟಿಯೇ ಇರುತ್ತದೆ, ಒಗ್ಗರಣೆಯ ವಾಸನೆಯೂ ತಿಳಿಯುವುದಿಲ್ಲ. ಮೂಗಿನಲ್ಲಿ ದುರ್ಮಾಂಸ ಬೆಳೆದಿದೆ ಎಂದು ಆಪರೇಷನ್ ಮಾಡಿದರು, ಮತ್ತೆ ಬೆಳೆದಿದೆ. ನಡುವೆ ದಮ್ಮು ಶುರುವಾಗಿ ಪಂಪ್ ಬಳಸುತ್ತಿದ್ದೇನೆ. ಹೋದ ತಿಂಗಳು ಹಲ್ಲುನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿ ನುಂಗಿದೆ. ಗಂಟೆಯೊಳಗೆ ಮುಖ ಕೆಂಪಾಗಿ, ಮೂಗು ಸೋರಿ, ಉಸಿರೇ ಸಿಗದಂತಾಯಿತು. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ನೋವಿನ ಮಾತ್ರೆಯಿಂದಲೇ ಆದದ್ದು, ಇನ್ನು ಮುಟ್ಟಬೇಡಿ ಎಂದು ಹೇಳಿ ಕಳಿಸಿದರು. ಹಿಂದೆ ಎಷ್ಟೋ ಸಲ ಅದೇ ಮಾತ್ರೆ ತೆಗೆದುಕೊಂಡಿದ್ದೆ, ಏನೂ ಆಗಿರಲಿಲ್ಲ. ನಮ್ಮ ಅಪ್ಪನಿಗೂ ದಮ್ಮಿತ್ತು, ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. "ನಿಮ್ಮ ತವರಿನ ರಕ್ತದಾಗ ಐತಿ, ನಾಳೆ ಮೊಮ್ಮಗಳಿಗೂ ಬರ್ತೈತಿ" ಎಂದು ಅತ್ತೆ ದಿನಾ ಅನ್ನುತ್ತಾರೆ. ಮಗಳಿಗೆ 17. ಮುಟ್ಟಿನ ಹೊಟ್ಟೆನೋವಿಗೆ ಅವಳು ನುಂಗುತ್ತಿದ್ದ ಮಾತ್ರೆಯನ್ನು ಹೆದರಿ ನಿಲ್ಲಿಸಿಬಿಟ್ಟೆ. ಹರಿಹರದಲ್ಲಿರುವ ಅಕ್ಕ ಮಂಡಿನೋವಿಗೆ ಮಾತ್ರೆ ತೆಗೆದುಕೊಳ್ಳುತ್ತಾಳೆ, ಅವಳಿಗೂ ಭಯ ಹತ್ತಿದೆ. ಎಂಜಲು ಕಳಿಸಿದರೆ ಜೀನ್ ಪರೀಕ್ಷೆ ಮಾಡಿಕೊಡುತ್ತಾರಂತೆ, ಮನೆಮಂದಿಗೆಲ್ಲ ಮಾಡಿಸೋಣ ಅನ್ನುತ್ತಾನೆ ಮಗ. ಮಾಡಿಸಬೇಕೇ?
– ಹೆಸರು ಬೇಡ, ನಿಜಲಿಂಗಪ್ಪ ಬಡಾವಣೆ, ದಾವಣಗೆರೆ

ಉತ್ತರ: ಬೇಡ. ಆ ದುಡ್ಡು ಉಳಿಸಿ. ನಿಮಗಿರುವ ತೊಂದರೆ ಮಗಳಿಗೆ ಬರುತ್ತದೋ ಇಲ್ಲವೋ ಎಂದು ಹೇಳಬಲ್ಲ ಜೀನ್ ಪರೀಕ್ಷೆ ಯಾವ ದೇಶದಲ್ಲೂ ಇಲ್ಲ. ರಕ್ತ ತೆಗೆದು ಮಾಡುವ ಅಲರ್ಜಿ ಪರೀಕ್ಷೆಯಲ್ಲಾಗಲಿ, ಚರ್ಮಕ್ಕೆ ಚುಚ್ಚಿ ನೋಡುವುದರಲ್ಲಾಗಲಿ ಇದು ಸಿಕ್ಕಿಬೀಳುವುದಿಲ್ಲ. ನಿಮ್ಮ ಪತ್ರದ ಮೊದಲ ಸಾಲುಗಳೇ ಅವೆಲ್ಲಕ್ಕಿಂತ ಒಳ್ಳೆಯ ರಿಪೋರ್ಟು.

ಯಾಕೆಂದರೆ ನಿಮ್ಮ ನೆಗಡಿ, ದಮ್ಮು, ಮಾತ್ರೆಯ ಹೊಡೆತ ಎಲ್ಲ ಒಂದೇ ಕಾಯಿಲೆ, ಅದಕ್ಕೆ ಒಂದು ನಡಿಗೆಯಿದೆ. ಮೊದಲು ಬಿಡದ ನೆಗಡಿ, ಆಮೇಲೆ ದಮ್ಮು, ಮೂಗಿನ ದುರ್ಮಾಂಸ, ಎಲ್ಲ ಆದ ಮೇಲೆ ಒಂದು ದಿನ ನೋವಿನ ಮಾತ್ರೆಯ ಹೊಡೆತ. ಯುರೋಪಿನ ಹತ್ತು ದೇಶಗಳ 500 ರೋಗಿಗಳನ್ನು ವಿಚಾರಿಸಿ 2000ದಲ್ಲಿ ಪ್ರಕಟವಾದ ವರದಿಯಲ್ಲಿ ನೆಗಡಿ ಶುರುವಾದ ಸರಾಸರಿ ವಯಸ್ಸು 30ರ ಆಸುಪಾಸು. ಗಂಡಸರಿಗಿಂತ ಹೆಂಗಸರು ಎರಡು ಪಟ್ಟಿಗೂ ಹೆಚ್ಚು. ದಮ್ಮಿರುವ ನೂರು ವಯಸ್ಕರಲ್ಲಿ ಸುಮಾರು ಏಳು ಮಂದಿಗೆ ಈ ತೊಂದರೆ ಇರುತ್ತದೆ, ದಮ್ಮು ತೀವ್ರವಾಗಿರುವವರಲ್ಲಿ ಹದಿನೈದರಷ್ಟು. ಆಸ್ಪಿರಿನ್ ಮಾರುಕಟ್ಟೆಗೆ ಬಂದದ್ದು 1899ರಲ್ಲಿ. ಮೂಗು, ದಮ್ಮು, ಮಾತ್ರೆ ಈ ಮೂರರ ನಂಟನ್ನು ಪ್ಯಾರಿಸ್ಸಿನ ವೈದ್ಯ ಫೆರ್ನಾಂ ವಿಡಾಲ್ 1922ರಷ್ಟು ಹಿಂದೆಯೇ ಬರೆದಿಟ್ಟರು. ಹಾಗಿದ್ದೂ ಮೂಗಿನ ಡಾಕ್ಟರು ಮೂಗು ನೋಡುತ್ತಾರೆ, ಎದೆಯ ಡಾಕ್ಟರು ಎದೆ ನೋಡುತ್ತಾರೆ, ಹಲ್ಲಿನ ಡಾಕ್ಟರು ಹಲ್ಲು. ಮೂರನ್ನೂ ಒಂದೇ ಚೀಟಿಯಲ್ಲಿ ಬರೆಯುವವರು ಯಾರೂ ಸಿಗದೆ ನಿಮ್ಮಂಥವರು ಆಸ್ಪತ್ರೆ ಸೇರುವವರೆಗೂ ವಿಷಯ ಹೊರಬೀಳುವುದಿಲ್ಲ.

ಹಿಂದೆ ಒಗ್ಗಿದ ಮಾತ್ರೆ ಈಗ ಯಾಕೆ ತಿರುಗಿಬಿತ್ತು? ನಮ್ಮ ಜೀವಕೋಶಗಳಲ್ಲಿ ಒಂದು ಕೊಬ್ಬಿನಾಮ್ಲ ಎರಡು ದಾರಿಯಲ್ಲಿ ಒಡೆಯುತ್ತದೆ. ಒಂದು ದಾರಿಯಲ್ಲಿ ಪ್ರೊಸ್ಟಾಗ್ಲಾಂಡಿನ್‌ಗಳು, ಇನ್ನೊಂದರಲ್ಲಿ ಲ್ಯೂಕೋಟ್ರೈನ್‌ಗಳು. ನೋವು, ಊತ ತರುವುದು ಮೊದಲನೆಯವು. ಶ್ವಾಸನಾಳವನ್ನು ಹಿಂಡುವುದು ಎರಡನೆಯವು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಎಲ್ಲವೂ ಮೊದಲ ದಾರಿಯನ್ನೇ ಮುಚ್ಚುತ್ತವೆ. ಭದ್ರಾ ನಾಲೆಯ ಒಂದು ತೂಬು ಮುಚ್ಚಿದರೆ ಇನ್ನೊಂದರಲ್ಲಿ ನೀರೇರುವ ಹಾಗೆ ಎಂದುಕೊಳ್ಳಿ. ಇದು ಪೂರ್ತಿ ಸರಿಯಾದ ಚಿತ್ರವಲ್ಲ: ಮುಚ್ಚಿಹೋಗುವ ದಾರಿಯಲ್ಲೇ ಲ್ಯೂಕೋಟ್ರೈನ್‌ಗಳನ್ನು ಹದ್ದುಬಸ್ತಿನಲ್ಲಿಡುವ ಒಂದು ಪ್ರೊಸ್ಟಾಗ್ಲಾಂಡಿನ್ ಕೂಡ ತಯಾರಾಗುತ್ತಿರುತ್ತದೆ, ಅದು ಇಲ್ಲವಾಗುವುದೇ ದೊಡ್ಡ ಪೆಟ್ಟು. ಮೂಗಿನಲ್ಲಿ, ಶ್ವಾಸನಾಳದಲ್ಲಿ ವರ್ಷಗಟ್ಟಲೆ ಉರಿಯೂತ ಇದ್ದವರ ದೇಹ ಆ ಒಂದು ಕಾವಲಿನ ಮೇಲೇ ನಿಂತಿರುತ್ತದೆ. ಅದಕ್ಕೇ ಬ್ರಾಂಡ್ ಬದಲಾಯಿಸಿದರೆ ಪ್ರಯೋಜನವಿಲ್ಲ. ಒಂದು ಮಾತ್ರೆಗೆ ಹೀಗಾದರೆ, ಎಂದೂ ಮುಟ್ಟದ ಇನ್ನೊಂದಕ್ಕೂ ಮೊದಲ ಸಲವೇ ಹೀಗಾಗಬಹುದು.

ಈಗ ಅತ್ತೆಯವರ ಮಾತಿಗೆ ಬರೋಣ. ಜೀನ್‌ಗಳ ಪಾತ್ರ ಇಲ್ಲವೇ ಇಲ್ಲ ಎಂದರೆ ತಪ್ಪಾಗುತ್ತದೆ. ಲ್ಯೂಕೋಟ್ರೈನ್ ತಯಾರಿಸುವ ಒಂದು ಕಿಣ್ವದ ಜೀನ್‌ನಲ್ಲಿ ಒಂದೇ ಅಕ್ಷರದ ವ್ಯತ್ಯಾಸ ಇಂಥ ರೋಗಿಗಳಲ್ಲಿ ಹೆಚ್ಚು ಕಾಣುತ್ತದೆ ಎಂದು ಪೋಲೆಂಡಿನ ಕ್ರಾಕೋ ನಗರದ ಸಂಶೋಧಕರು 1997ರಲ್ಲಿ ಹೇಳಿದರು. ದೊಡ್ಡ ಆಸೆ ಹುಟ್ಟಿತು. ಆಮೇಲೆ ಅಮೆರಿಕದಲ್ಲಿ, ಕೊರಿಯಾದಲ್ಲಿ ಹುಡುಕಿದರೆ ಅದೇ ನಂಟು ಸಿಗಲಿಲ್ಲ. ರೋಗನಿರೋಧಕ ವ್ಯವಸ್ಥೆಯ ಎಚ್‌ಎಲ್‌ಎ ಗುಂಪಿನ ಒಂದು ಗುರುತು ಮಾತ್ರ ಪೋಲೆಂಡಿನಲ್ಲೂ ಕೊರಿಯಾದಲ್ಲೂ ಕಂಡಿತು. ಆದರೆ ಆ ಗುರುತು ಇದ್ದೂ ಆರಾಮಾಗಿರುವವರಿದ್ದಾರೆ, ಇಲ್ಲದೆಯೂ ನರಳುವವರಿದ್ದಾರೆ. ಇಷ್ಟು ಸಡಿಲವಾದ ಸುಳಿವನ್ನು ಹಿಡಿದು ಬಣ್ಣದ ರಿಪೋರ್ಟು ಮಾರುವುದು ವ್ಯಾಪಾರವೇ ಹೊರತು ವೈದ್ಯವಲ್ಲ. ಯುರೋಪಿನ ಅದೇ 500 ಜನರಲ್ಲಿ ರಕ್ತಸಂಬಂಧಿಗಳಿಗೂ ಈ ತೊಂದರೆ ಇದ್ದದ್ದು ನೂರಕ್ಕೆ ಸುಮಾರು ಆರು ಮಂದಿಗೆ. ಉಳಿದವರೆಲ್ಲ ಮನೆಯಲ್ಲಿ ಒಬ್ಬೊಬ್ಬರೇ. ಇನ್ನೂ ಒಂದು ಮಾತು: ಜೀನ್ ಹುಟ್ಟಿದ ದಿನದಿಂದ ಇರುವಂಥದ್ದು, ನಿಮ್ಮ ಕಾಯಿಲೆ ಮೂವತ್ತು ದಾಟಿದ ಮೇಲೆ ಬಂದದ್ದು. ನಡುವೆ ಬೇರೇನೋ ನಡೆದಿರಬೇಕು. ಯಾವುದೋ ವೈರಸ್ ಸೋಂಕು ಕಿಡಿ ಹಚ್ಚುತ್ತದೆ ಎಂಬ ಊಹೆಯಿದೆ, ಸಾಬೀತಾಗಿಲ್ಲ.

ನಿಮ್ಮ ತಂದೆಯವರ ದಮ್ಮನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಮಿಲ್ಲಿನ ಹತ್ತಿ ಧೂಳಿನಿಂದ ಬರುವ ದಮ್ಮು ಬೇರೆಯೇ ಕಾಯಿಲೆ, ಬಿಸಿನೋಸಿಸ್ ಎನ್ನುತ್ತಾರೆ. ಹತ್ತಿ ಹಿಂಜುವ ಕಡೆ, ಕಾರ್ಡಿಂಗ್ ಕಡೆ ದುಡಿದವರಿಗೆ ಅದು ಹೆಚ್ಚು. ವಾರದ ರಜೆ ಮುಗಿಸಿ ಮತ್ತೆ ಮಿಲ್ಲಿಗೆ ಹೋದ ದಿನ ಎದೆ ಬಿಗಿಯುವುದು, ವಾರ ಕಳೆದಂತೆ ಸಡಿಲವಾಗುವುದು ಅದರ ಲಕ್ಷಣ. ಅಪ್ಪನವರಿಗೆ ಹಾಗಿತ್ತೇ ಎಂದು ಅವ್ವನನ್ನೋ ಅವರ ಜತೆಗೆ ಪಾಳಿ ಮಾಡಿದವರನ್ನೋ ಕೇಳಿ ನೋಡಿ. ಹತ್ತಿ ಗಿರಣಿಗಳಿಂದಲೇ ಬೆಳೆದ ದಾವಣಗೆರೆಯಲ್ಲಿ ದುಡಿಮೆಯಿಂದ ಬಂದ ಎಷ್ಟೋ ಕೆಮ್ಮು ಮನೆತನದ ಕೆಮ್ಮು ಎನಿಸಿಕೊಂಡಿರಬೇಕು ಎಂಬುದು ನನ್ನ ಅನುಮಾನ. ಅತ್ತೆಯವರಿಗೆ ಇದನ್ನು ಜಗಳದ ಹೊತ್ತಿನಲ್ಲಿ ಹೇಳಬೇಡಿ. ನಿಮ್ಮ ಯಜಮಾನರ ಬಾಯಿಂದ ಹೇಳಿಸಿ. ಇದ್ದಕ್ಕಿದ್ದಂತೆ ಸೊಸೆಯ ಉಸಿರು ನಿಂತದ್ದನ್ನು ಕಂಡ ಹಿರಿಯರು ಕಾರಣ ಹುಡುಕುವುದು ಸಹಜ, ಸಿಕ್ಕ ಕಾರಣ ತವರಿನದಾಗಿದ್ದರೆ ಇನ್ನೂ ಸಲೀಸು.

ಮಗಳ ಮಾತ್ರೆಯನ್ನು ನಿಮ್ಮ ಕಾರಣಕ್ಕೆ ನಿಲ್ಲಿಸಬೇಕಿಲ್ಲ. ಅವಳಿಗೆ ದಮ್ಮಿಲ್ಲ, ಬಿಡದ ನೆಗಡಿಯಿಲ್ಲ, ಅದೇ ಮಾತ್ರೆ ಈವರೆಗೆ ಒಗ್ಗಿದೆ ಎಂದಾದರೆ ತಿಂಗಳು ತಿಂಗಳು ಅವಳನ್ನು ನೋವಿನಲ್ಲಿ ಮಲಗಿಸುವುದು ಅನ್ಯಾಯ. ದಮ್ಮು ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ ಕೊಡಿ. ಮುಟ್ಟಿನ ನೋವಿಗೆ ಕೊಡುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಮೆಫನಾಮಿಕ್ ಆಸಿಡ್ ಇರುತ್ತದೆ. ಅದರಿಂದ ಅಪರೂಪಕ್ಕೆ ಜ್ವರ, ಮೈಮೇಲೆ ದದ್ದು ಬರುವ ಗಂಭೀರ ಪ್ರತಿಕ್ರಿಯೆಯಾಗಬಹುದು ಎಂದು ಭಾರತೀಯ ಔಷಧ ಸಂಹಿತೆ ಆಯೋಗ 2023ರ ಕೊನೆಯಲ್ಲಿ ಎಚ್ಚರಿಸಿತ್ತು. ಅದು ನಿಮ್ಮ ಕಾಯಿಲೆಗೆ ಸಂಬಂಧಪಟ್ಟದ್ದಲ್ಲ. ದದ್ದೆದ್ದರೆ ನಿಲ್ಲಿಸಿ ತೋರಿಸಬೇಕು, ಅಷ್ಟೇ.

ಎಚ್ಚರ ಬೇಕಾದದ್ದು ನಿಮಗೆ. ಒಂದು ಚೀಟಿಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಈ ಹೆಸರುಗಳನ್ನು ಬರೆಸಿ ಪರ್ಸಿನಲ್ಲಿಟ್ಟುಕೊಳ್ಳಿ: ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ನ್ಯಾಪ್ರೊಕ್ಸೆನ್, ಮೆಫನಾಮಿಕ್ ಆಸಿಡ್, ಕೆಟೊರೊಲಾಕ್. ಫೋಟೊ ತೆಗೆದು ಮನೆಯವರೆಲ್ಲರ ಮೊಬೈಲಿಗೂ ಕಳಿಸಿ. ಮೋಸ ಹೋಗುವುದು ಜೋಡಿ ಮಾತ್ರೆಗಳಲ್ಲಿ. ಜ್ವರದ್ದು ಎಂದು ಕೊಡುವ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಜತೆ ಐಬುಪ್ರೊಫೆನ್ನೋ ಅಸೆಕ್ಲೊಫೆನಾಕೋ ಕೂತಿರುತ್ತದೆ. ಮುಂಭಾಗದ ದೊಡ್ಡ ಹೆಸರನ್ನು ಬಿಟ್ಟು ಹಿಂಭಾಗದ ಸಣ್ಣಕ್ಷರ ಓದಿ. ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಕೊಡುವ ನೋವಿನ ಇಂಜೆಕ್ಷನ್ ಹೆಚ್ಚಾಗಿ ಡೈಕ್ಲೊಫೆನಾಕ್. ಸಿರಿಂಜು ತುಂಬುವ ಮುಂಚೆಯೇ ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ. ನೋವಿಗೆ ಹಚ್ಚುವ ಜೆಲ್, ಕಣ್ಣಿನ ಡ್ರಾಪ್ಸ್ ಕೂಡ ಕೇಳಿಯೇ ಬಳಸಿ.

ಹಾಗಾದರೆ ಹಲ್ಲುನೋವಿಗೆ ಏನು? ಪ್ಯಾರಾಸಿಟಮಾಲ್ 500 ಮಿ.ಗ್ರಾಂ ಹೆಚ್ಚಿನವರಿಗೆ ಒಗ್ಗುತ್ತದೆ. 650ರ ಮಾತ್ರೆ ಎರಡೆರಡು ನುಂಗುವ ಅಭ್ಯಾಸ ನಿಮಗೆ ಸಲ್ಲದು. ಒಂದೇ ಸಲಕ್ಕೆ ಸಾವಿರ ಮುಟ್ಟಿದರೆ ಕೆಲವರಿಗೆ ಅದೂ ದಮ್ಮೆಬ್ಬಿಸುತ್ತದೆ. ಎಟೊರಿಕಾಕ್ಸಿಬ್, ಸೆಲೆಕಾಕ್ಸಿಬ್ ಬಗೆಯವು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಆದರೂ ಮೊದಲ ಮಾತ್ರೆಯನ್ನು ಡಾಕ್ಟರ ಕಣ್ಣೆದುರೇ ನುಂಗಿ. ಎಂದಾದರೂ ತಪ್ಪಿ ಬೇರೆಯದು ಹೊಟ್ಟೆಗೆ ಹೋಗಿ ಎದೆ ಬಿಗಿದರೆ ಕೂಡಲೇ ಉಸಿರು ಬಿಡಿಸುವ ಪಂಪ್ ಎಳೆದುಕೊಂಡು 108ಕ್ಕೆ ಕರೆ ಮಾಡಿ. ದಿನನಿತ್ಯದ ಪಂಪನ್ನು, ಮಾತ್ರೆ ಬಿಟ್ಟೆನಲ್ಲ ಎಂಬ ಧೈರ್ಯದಲ್ಲಿ ನಿಲ್ಲಿಸಬೇಡಿ. ಮಾತ್ರೆ ಬಿಟ್ಟರೂ ಮೂಗಿನ, ಎದೆಯ ಕಾಯಿಲೆ ತನ್ನಷ್ಟಕ್ಕೆ ನಡೆದೇ ಇರುತ್ತದೆ. ಮೃಗಶಿರ ಮಳೆಯ ಹೊತ್ತಿಗೆ ಹೈದರಾಬಾದಿನಲ್ಲಿ ದಮ್ಮಿಗೆಂದು ಕೊಡುವ ಮೀನಿನ ಮದ್ದಿಗೆ ಹೊರಡುವವರು ನಿಮ್ಮನ್ನೂ ಕರೆದಾರು. ಹೋಗಿಬರುವುದು ನಿಮ್ಮಿಷ್ಟ, ಪಂಪ್ ಮಾತ್ರ ಚೀಲದಲ್ಲಿರಲಿ.

ನಿಮ್ಮೂರಲ್ಲೇ ಎರಡು ಮೆಡಿಕಲ್ ಕಾಲೇಜುಗಳಿವೆ, ಚಿಗಟೇರಿ ಜಿಲ್ಲಾಸ್ಪತ್ರೆಯಿದೆ. ಎದೆಯ ಡಾಕ್ಟರನ್ನೂ ಮೂಗಿನ ಡಾಕ್ಟರನ್ನೂ ಒಂದೇ ಕಡೆ ಕಂಡು, ಹೋದ ತಿಂಗಳ ಡಿಸ್ಚಾರ್ಜ್ ಚೀಟಿಯನ್ನು ಇಬ್ಬರಿಗೂ ತೋರಿಸಿ. ಮುಂದೆಂದಾದರೂ ಹೃದಯಕ್ಕೆ ಸ್ಟೆಂಟ್ ಹಾಕಿ ಆಸ್ಪಿರಿನ್ ಬೇಕೇಬೇಕು ಎನ್ನುವ ಸಂದರ್ಭ ಬಂದರೂ ದಾರಿಯಿದೆ: ಆಸ್ಪತ್ರೆಯಲ್ಲಿ ಮಲಗಿಸಿ, ಚೂರು ಚೂರೇ ಹೆಚ್ಚಿಸುತ್ತಾ ದೇಹಕ್ಕೆ ಒಗ್ಗಿಸುತ್ತಾರೆ. ಮನೆಯಲ್ಲಿ ಇದರ ಪ್ರಯೋಗ ಖಂಡಿತ ಬೇಡ. ಇನ್ನು ಹರಿಹರದ ಅಕ್ಕನಿಗೆ ದಮ್ಮೂ ಇಲ್ಲ, ಮೂಗಿನ ದುರ್ಮಾಂಸವೂ ಇಲ್ಲ ಎಂದಾದರೆ ತಂಗಿಯ ಕಾಯಿಲೆಗೆ ಹೆದರಬೇಕಿಲ್ಲ. ಮಂಡಿನೋವಿಗೆ ವರ್ಷಾನುಗಟ್ಟಲೆ ಆ ಮಾತ್ರೆ ನುಂಗುತ್ತಿದ್ದರೆ ಅವರು ಹೆದರಬೇಕಾದದ್ದು ಜಠರದ ಹುಣ್ಣಿಗೆ, ಕಿಡ್ನಿಗೆ. ಒಮ್ಮೆ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಲು ಹೇಳಿ.