ತಪಸ್ಸುಕಾಲದ ನಲವತ್ತು ದಿನ: ಬಿಟ್ಟ ತುತ್ತು ಯಾರ ತಾಟಿಗೆ?



ತಪಸ್ಸುಕಾಲ ಬಂತೆಂದರೆ ನಮ್ಮ ಗುಡ್ಡದ ಕಚೇರಿ ಕಿಟಕಿ ಮುಂದೆ ಜನ ಹೆಚ್ಚಾಗುತ್ತಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಸ್ಸಿಗೆ, ಟಂಟಂಗೆ ಬರುತ್ತಾರೆ, ಕೆಲವರು ನಡಕೊಂಡೇ ಬರುತ್ತಾರೆ. ಪೂಜೆಗೆ ಹೆಸರು ಬರೆಸುವಾಗ, ಮೇಣದ ಬತ್ತಿ ತೊಗೊಳ್ಳುವಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. "ಒಪ್ಪೊತ್ತು ಎಷ್ಟು ದಿನ ಹಿಡೀಬೇಕ್ರಿ?" "ಶುಗರ್ ಗುಳಿಗಿ ತೊಗೊಂತೀನಿ, ಉಪವಾಸ ಇರಬಹುದೇನ್ರಿ?" "ಸುಗ್ಗಿ ಕೆಲಸದಾಗ ಗುಡ್ಡ ಹತ್ತಾಕ ಆಗಲಿಲ್ಲ, ತಪ್ಪಾತೇನ್ರಿ?" ಇವಕ್ಕೆಲ್ಲ ಧರ್ಮಸಭೆ ಕಲಿಸುವ ಉತ್ತರವನ್ನು ಈ ಪಾಠದಲ್ಲಿ ಸರಳವಾಗಿ ಬರೆದಿದೆ. ಮನೆಗೆ ಒಯ್ದು ಎಲ್ಲರೂ ಕೂತು ಓದಿರಿ. ಓದಲು ಬಾರದ ಹಿರಿಯರಿಗೆ ಮಕ್ಕಳು ಓದಿ ಹೇಳಲಿ.

1. ನಲವತ್ತು ದಿನದ ಲೆಕ್ಕ

ತಪಸ್ಸುಕಾಲ ವಿಭೂತಿ ಬುಧವಾರದಿಂದ ಶುರುವಾಗುತ್ತದೆ. ಅಂದಿನಿಂದ ಪಾಸ್ಕ ಹಬ್ಬದ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನ ಆಗುತ್ತವೆ. "ಇದೇನು, ನಲವತ್ತು ಅಂತಾರಲ್ಲ?" ಎಂದು ಕೇಳಬಹುದು. ನಡುವೆ ಬರುವ 6 ಭಾನುವಾರಗಳು ಪ್ರಭುವಿನ ಪುನರುತ್ಥಾನದ ದಿನಗಳು. ಅವನ್ನು ಉಪವಾಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನ್ನು ತೆಗೆದರೆ ಸರಿಯಾಗಿ 40.

ಪ್ರತಿ ವರ್ಷ ತಾರೀಖು ಬದಲಾಗುವುದು ಯಾಕೆ ಎಂಬುದೂ ಪಂಚಾಂಗ ನೋಡುವ ನಮ್ಮ ಜನಕ್ಕೆ ಬೇಗ ತಿಳಿಯುತ್ತದೆ. ಮಾರ್ಚ್ 21ರಂದು ಅಥವಾ ಅದಾದ ಮೇಲೆ ಬರುವ ಮೊದಲ ಹುಣ್ಣಿಮೆ ನೋಡಬೇಕು. ಆ ಹುಣ್ಣಿಮೆಯ ನಂತರದ ಭಾನುವಾರವೇ ಪಾಸ್ಕ. ಅಲ್ಲಿಂದ ಹಿಂದಕ್ಕೆ ಎಣಿಸಿ ವಿಭೂತಿ ಬುಧವಾರ ಗೊತ್ತು ಮಾಡುತ್ತಾರೆ. 2026ರಲ್ಲಿ ವಿಭೂತಿ ಬುಧವಾರ ಫೆಬ್ರವರಿ 18ಕ್ಕೆ, ಪಾಸ್ಕ ಏಪ್ರಿಲ್ 5ಕ್ಕೆ. 2027ರಲ್ಲಿ ವಿಭೂತಿ ಬುಧವಾರ ಫೆಬ್ರವರಿ 10ಕ್ಕೆ, ಪಾಸ್ಕ ಮಾರ್ಚ್ 28ಕ್ಕೆ.

ನಲವತ್ತು ಎಂಬ ಸಂಖ್ಯೆ ಪವಿತ್ರ ಗ್ರಂಥದಲ್ಲಿ ಮತ್ತೆ ಮತ್ತೆ ಬರುತ್ತದೆ. ಮೋಶೆ ಸೀನಾಯಿ ಬೆಟ್ಟದ ಮೇಲೆ ನಲವತ್ತು ದಿನ ಇದ್ದನು. ಎಲೀಯನು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದನು. ಯೇಸುಸ್ವಾಮಿ ಬೆಂಗಾಡಿನಲ್ಲಿ ನಲವತ್ತು ದಿನ ಉಪವಾಸ ಮಾಡಿದರು. ಮೋಶೆಯಾಗಲಿ ಎಲೀಯನಾಗಲಿ ಬೆಟ್ಟದ ಮೇಲೇ ಉಳಿಯಲಿಲ್ಲ. ಇಳಿದು ತಮ್ಮ ಜನರ ಹತ್ತಿರ ವಾಪಸು ಹೋದರು. ಗುಡ್ಡ ಹತ್ತುವ ನಾವು ಇದನ್ನು ನೆನಪಿಡಬೇಕು. ಹತ್ತುವುದು ಒಂದು ತಾಸಿನ ಕೆಲಸ, ಇಳಿದ ಮೇಲೆ ಮಾಡುವುದು ಬಹಳ ಇದೆ.

2. ನಮ್ಮ ಸೀಮೆಗೆ ಇದು ಹೊಸದಲ್ಲ

ಕುಷ್ಟಗಿಯ ನೆರೆಯಲ್ಲೇ ಇರುವ ಮುದಗಲ್ಲಿನಲ್ಲಿ 16ನೇ ಶತಮಾನದಲ್ಲೇ, ವಿಜಯಪುರದ ಆದಿಲ್ ಶಾಹಿಗಳ ಆಳಿಕೆಯಲ್ಲಿ, ಗೋವೆ ಕಡೆಯಿಂದ ಬಂದ ಗುರುಗಳು ಕ್ರೈಸ್ತ ಸಭೆ ಕಟ್ಟಿದ್ದರು. ಈಗ ನಮ್ಮ ಕೊಪ್ಪಳ ಜಿಲ್ಲೆಯು 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿದೆ. ನಾವು ಇಲ್ಲಿ ಎಣಿಕೆಯಲ್ಲಿ ಕಡಿಮೆ, ಒಂದೊಂದು ಊರಿನಲ್ಲಿ ನಾಲ್ಕೈದು ಮನೆ. ಆದರೆ ಉಪವಾಸ, ಒಪ್ಪೊತ್ತು ಎಂದರೆ ಏನೆಂದು ಓಣಿಯ ಎಲ್ಲರಿಗೂ ಗೊತ್ತು. 2026ರಲ್ಲಿ ಫೆಬ್ರವರಿ 15ಕ್ಕೆ ಮಹಾಶಿವರಾತ್ರಿ, 18ಕ್ಕೆ ನಮ್ಮ ವಿಭೂತಿ ಬುಧವಾರ, ಅದೇ ವಾರದಲ್ಲಿ ರಂಜಾನ್ ರೋಜಾ ಕೂಡ ಶುರು. ಒಂದೇ ವಾರದಲ್ಲಿ ಮೂರೂ ಕಡೆಯವರು ಉಪವಾಸ ಹಿಡಿದಂತಾಯಿತು. ಆದ್ದರಿಂದ ಉಪವಾಸದ ಕಷ್ಟವನ್ನು ನೆರೆಮನೆಯವರಿಗೆ ತೋರಿಸಿ ದೊಡ್ಡವರಾಗುವ ಆಸೆ ನಮಗೆ ಬೇಡ. ಉಪವಾಸ ಇದ್ದಾಗ ಮುಖ ಸಪ್ಪಗೆ ಮಾಡಿಕೊಂಡು ತಿರುಗಬೇಡಿರಿ, ಮುಖ ತೊಳೆದು ಎಣ್ಣೆ ಹಚ್ಚಿ ಚೆನ್ನಾಗಿರಿ ಎಂಬುದು ಯೇಸುಸ್ವಾಮಿಯ ಬೋಧೆ. ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿದೆ, ಓದಿಕೊಳ್ಳಿರಿ.

3. ಹಣೆಯ ಮೇಲಿನ ವಿಭೂತಿ

ಹೋದ ವರ್ಷ ಗರಿಗಳ ಭಾನುವಾರ ಆಶೀರ್ವಾದ ಪಡೆದ ಗರಿಗಳನ್ನು ಸುಟ್ಟು ಈ ಬೂದಿ ಮಾಡುತ್ತಾರೆ. ಅಂದು ಜಯಕಾರ ಹಾಕಿ ಕೈಯಲ್ಲಿ ಹಿಡಿದ ಹಸಿ ಗರಿ ವರ್ಷದೊಳಗೆ ಒಣಗಿ ಬೂದಿಯಾಗುತ್ತದೆ. ನಮ್ಮ ಡೌಲು, ನಮ್ಮ ಆಸ್ತಿ, ನಮ್ಮ ಸಿಟ್ಟು ಎಲ್ಲದರ ಗತಿ ಅದೇ. ನೀನು ಮಣ್ಣು, ಮಣ್ಣಿಗೇ ಹೋಗುತ್ತಿ, ಇರುವಷ್ಟು ದಿನ ಮನಸ್ಸು ತಿರುಗಿಸು ಎಂಬುದು ಇದರ ಅರ್ಥ. ಈ ಕಾಲದಲ್ಲಿ ಗುರುಗಳು ನೇರಳೆ ಬಣ್ಣದ ವಸ್ತ್ರ ಧರಿಸುತ್ತಾರೆ, ಪೂಜೆಯಲ್ಲಿ ಅಲ್ಲೇಲೂಯ ಹಾಡುವುದಿಲ್ಲ. ಪಾಸ್ಕದ ರಾತ್ರಿ ಅದು ಮತ್ತೆ ಬರುತ್ತದೆ.

4. ಉಪವಾಸ: ಯಾರು, ಎಷ್ಟು, ಹೇಗೆ?

ಧರ್ಮಸಭೆಯ ನಿಯಮ ಬಹಳ ಜನ ತಿಳಿದುಕೊಂಡಷ್ಟು ಕಠಿಣ ಇಲ್ಲ. ಕಡ್ಡಾಯ ಉಪವಾಸದ ದಿನಗಳು ಎರಡೇ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. 18 ವರ್ಷ ತುಂಬಿದವರಿಂದ ಹಿಡಿದು 60ನೇ ವರ್ಷಕ್ಕೆ ಕಾಲಿಡುವವರೆಗೆ ಇದು ಅನ್ವಯಿಸುತ್ತದೆ. ಆ ದಿನ ಒಂದು ಹೊತ್ತು ಹೊಟ್ಟೆ ತುಂಬ ಊಟ, ಉಳಿದ ಹೊತ್ತಿನಲ್ಲಿ ಸ್ವಲ್ಪ ಆಹಾರ ತೊಗೊಳ್ಳಬಹುದು. ನೀರು, ಔಷಧ ಬಿಡಬೇಕಾಗಿಲ್ಲ. ಆ ಎರಡು ದಿನ 14 ವರ್ಷ ತುಂಬಿದವರೆಲ್ಲ ಮಾಂಸ ಬಿಡಬೇಕು. ಶುಕ್ರವಾರಗಳಲ್ಲಿ ಮಾಂಸ ಬಿಡುವುದು, ಇಲ್ಲವೇ ಧರ್ಮಾಧ್ಯಕ್ಷರು ಹೇಳಿದಂತೆ ಬೇರೆ ತಪಸ್ಸು ಮಾಡುವುದು ರೂಢಿ. ಇದಕ್ಕಿಂತ ಹೆಚ್ಚು ಮಾಡುವುದು ಅವರವರ ಭಕ್ತಿ.

ಯಾರು ಉಪವಾಸ ಮಾಡಬಾರದು? ರೋಗಿಗಳು, ಬಸುರಿ ಬಾಣಂತಿಯರು, ಮೊಲೆ ಕುಡಿಸುವ ತಾಯಂದಿರು. ಶುಗರಿಗೆ ಗುಳಿಗಿ ಅಥವಾ ಇನ್ಸುಲಿನ್ ತೊಗೊಳ್ಳುವವರು ಊಟ ಬಿಟ್ಟರೆ ತಲೆ ತಿರುಗಿ ಬೀಳುವ ಅಪಾಯ ಇದೆ. ಡಾಕ್ಟರನ್ನು ಕೇಳದೆ ಮಾಡಬೇಡಿರಿ. ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಚೀಲ ಹೊರುವ ಹಮಾಲರು, ಫೆಬ್ರವರಿ ಮಾರ್ಚಿನ ಬಿಸಿಲಲ್ಲಿ ಜೋಳ ಕೀಳುವ ಕೂಲಿಯವರು, ಗುಳೆ ಹೋಗಿ ಕಟ್ಟಡದ ಮೇಲೆ ದುಡಿಯುವವರು ಹಸಿದ ಹೊಟ್ಟೆಯಲ್ಲಿ ಕೆಲಸ ಮಾಡಿ ಬಿದ್ದರೆ ದೇವರಿಗೆ ಸಂತೋಷ ಆಗುವುದಿಲ್ಲ. ಅಂಥವರು ಊಟ ಮಾಡಲಿ, ಬೇರೆ ಯಾವುದಾದರೂ ಬಿಡಲಿ.

ಇನ್ನೊಂದು ಮಾತು ಮನೆಯ ಹೆಣ್ಣುಮಕ್ಕಳ ಬಗ್ಗೆ. ಎಲ್ಲರಿಗೂ ಬಡಿಸಿ ಉಳಿದದ್ದು ತಿನ್ನುವ ತಾಯಂದಿರು ವರ್ಷವಿಡೀ ಅರ್ಧ ಉಪವಾಸದಲ್ಲೇ ಇರುತ್ತಾರೆ. ಮನೆಯಲ್ಲಿ ಉಪವಾಸ ಎಂದರೆ ಅವರೊಬ್ಬರೇ ಹಿಡಿಯುವುದು ಎಂದಾಗಬಾರದು. ಈ ನಲವತ್ತು ದಿನ ಗಂಡಸರು ಒಂದು ರೊಟ್ಟಿ ಕಡಿಮೆ ತಿಂದು, ಮನೆಯಾಕೆಯನ್ನು ಮೊದಲು ಊಟಕ್ಕೆ ಕೂಡ್ರಿಸಲಿ. ಅದು ಒಳ್ಳೆಯ ತಪಸ್ಸು.

5. ಸೆರೆ ಬಿಡುವವರಿಗೆ

ತಪಸ್ಸುಕಾಲದಲ್ಲಿ ಕುಡಿತ, ಗುಟ್ಕಾ, ಬೀಡಿ ಬಿಡುತ್ತೇನೆಂದು ಹರಕೆ ಹೊರುವವರು ಬಹಳ. ದೇವರು ಅವರಿಗೆ ಬಲ ಕೊಡಲಿ. ಆದರೆ ಬಹಳ ವರ್ಷದಿಂದ ದಿನಾಲೂ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈಕಾಲು ನಡುಗುವುದು, ನಿದ್ದೆ ಬಾರದಿರುವುದು, ಫಿಟ್ಸ್ ಬರುವುದು ಆಗಬಹುದು. ಮೊದಲು ದವಾಖಾನೆಗೆ ತೋರಿಸಿ, ಗುಳಿಗಿ ತೊಗೊಂಡು ಬಿಡಿರಿ. ಪ್ರಾರ್ಥನೆಯೂ ಬೇಕು, ಡಾಕ್ಟರೂ ಬೇಕು. ಹಾಗೆ ಉಳಿದ ರೊಕ್ಕ ಹೆಂಡತಿ ಕೈಗೆ ಕೊಡಿರಿ. ಅದನ್ನು ದಾನ ಎಂದು ಕರೆಯಬೇಡಿರಿ, ಅದು ಮೊದಲೇ ಆ ಮನೆಗೆ ಸೇರಬೇಕಾದ ರೊಕ್ಕ. ಇನ್ನು ಪಾಸ್ಕ ಮುಗಿದ ಮರುದಿನ ಮತ್ತೆ ಅಂಗಡಿಗೆ ಹೋದರೆ ನಲವತ್ತು ದಿನ ಬರೀ ತಡೆದುಕೊಂಡಂತಾಯಿತು. ತಪಸ್ಸುಕಾಲ ಬಂದದ್ದು ಮನುಷ್ಯ ಬದಲಾಗಲಿ ಎಂದು.

6. ಬಿಟ್ಟ ತುತ್ತು ಎಲ್ಲಿಗೆ ಹೋಗಬೇಕು?

ಈ ಪಾಠದ ಮುಖ್ಯ ವಿಷಯ ಇದು. ಪ್ರಾರ್ಥನೆ, ಉಪವಾಸ, ದಾನ ಈ ಮೂರೂ ಹಗ್ಗದ ಮೂರು ಎಳೆ ಇದ್ದಂತೆ. ಬಿಡಿ ಬಿಡಿಯಾಗಿ ಎಳೆದರೆ ಹರಿಯುತ್ತವೆ, ಕೂಡಿಸಿ ಹೊಸೆದರೆ ಬಾವಿಯಿಂದ ನೀರು ಎತ್ತುತ್ತವೆ. ಪ್ರಾರ್ಥನೆ ಇಲ್ಲದ ಉಪವಾಸ ಬರೀ ಪಥ್ಯ. ದಾನ ಇಲ್ಲದ ಉಪವಾಸ ಖರ್ಚು ಉಳಿಸುವ ಉಪಾಯ ಅಷ್ಟೇ.

ಎರಡನೇ ಶತಮಾನದಲ್ಲಿ ರೋಮಿನ ಕ್ರೈಸ್ತರು ಓದುತ್ತಿದ್ದ 'ಹೆರ್ಮಾಸನ ಕುರುಬ' ಎಂಬ ಹಳೆಯ ಪುಸ್ತಕ ಒಂದು ಲೆಕ್ಕ ಕಲಿಸುತ್ತದೆ. ಉಪವಾಸದ ದಿನ ನೀನು ಉಣ್ಣಬೇಕಾಗಿದ್ದ ಊಟದ ಬೆಲೆ ಎಷ್ಟು ಎಂದು ಲೆಕ್ಕ ಹಾಕು, ಅಷ್ಟನ್ನು ವಿಧವೆಗೋ ಅನಾಥನಿಗೋ ಕೊಡು ಎಂಬುದು ಅದರ ತಾತ್ಪರ್ಯ. ಅದಕ್ಕೂ ಬಹಳ ಹಿಂದೆ ಪ್ರವಾದಿ ಯೆಶಾಯನು, ಹಸಿದವನಿಗೆ ರೊಟ್ಟಿ ಹಂಚುವುದು, ನೊಗ ಬಿಚ್ಚುವುದು, ಮನೆಯಿಲ್ಲದವನನ್ನು ಮನೆಗೆ ಕರೆದುಕೊಳ್ಳುವುದು ದೇವರು ಮೆಚ್ಚುವ ಉಪವಾಸ ಎಂದು ಸಾರಿದ್ದನು. ಅದು 58ನೇ ಅಧ್ಯಾಯ. ಉಪವಾಸ ಹಿಡಿದ ದಿನವೇ ಆಳುಗಳನ್ನು ಪೀಡಿಸಿ ಗೇಯಿಸಿಕೊಳ್ಳುವವರನ್ನು ಅಲ್ಲಿ ಬಯ್ದಿದೆ. ನಮ್ಮ ಹೊಲದಲ್ಲಿ ದುಡಿದವರ ಕೂಲಿ ಬಾಕಿ ಇದ್ದರೆ ಗುಡ್ಡಕ್ಕೆ ಬರುವ ಮೊದಲು ಚುಕ್ತಾ ಮಾಡಿಬರಬೇಕು.

ಈ ಮಾತು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿ ಹಳ್ಳಿಯಿಂದ ಜೋಳದ ರೊಟ್ಟಿ ದಾಸೋಹಕ್ಕೆ ಹೋಗುವುದನ್ನು ಎಲ್ಲರೂ ನೋಡಿದ್ದೇವೆ. ಒಂದು ಮನೆಯಿಂದ ಹೋಗುವುದು ಕೆಲವೇ ರೊಟ್ಟಿ, ಕೂಡಿದರೆ ಲಕ್ಷಗಟ್ಟಲೆ ಜನ ಉಣ್ಣುತ್ತಾರೆ. ನಮ್ಮ ತಪಸ್ಸುಕಾಲದ ದಾನವೂ ಹಾಗೇ ನಡೆಯಬೇಕು. ಭಾರತದ ಧರ್ಮಸಭೆಯಲ್ಲಿ ಕಾರಿತಾಸ್ ಸಂಸ್ಥೆ ತಪಸ್ಸುಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧ ಕಾಣಿಕೆ ಕೂಡಿಸುತ್ತದೆ.

ಮನೆಯಲ್ಲಿ ಹೀಗೆ ಮಾಡಬಹುದು: ದಿನಾ ಅಡಿಗೆಗೆ ಅಳೆಯುವಾಗ ಒಂದು ಹಿಡಿ ಅಕ್ಕಿ ಅಥವಾ ಜೋಳ ಬೇರೆ ಡಬ್ಬಿಗೆ ಹಾಕಿರಿ. ಹಿಡಿಗೆ 50 ಗ್ರಾಂ ಎಂದರೂ 40 ದಿನಕ್ಕೆ 2 ಕಿಲೊ. ಅಂಗಡಿಯ 10 ರೂಪಾಯಿ ಚಹಾ ದಿನಕ್ಕೊಂದು ಬಿಟ್ಟರೆ 400 ರೂಪಾಯಿ. ಹತ್ತು ಮನೆ ಕೂಡಿದರೆ 20 ಕಿಲೊ ಕಾಳು, 4,000 ರೂಪಾಯಿ ಆಯಿತು. ಊರಿನಲ್ಲಿ ಒಬ್ಬಂಟಿ ಮುದುಕಿ ಇರುತ್ತಾಳೆ, ತಂದೆತಾಯಿ ಗುಳೆ ಹೋಗಿ ಅಜ್ಜಿ ಹತ್ತಿರ ಉಳಿದ ಮಕ್ಕಳಿರುತ್ತಾರೆ. ಜಾತಿ ಧರ್ಮ ಕೇಳದೆ ಕೊಟ್ಟುಬರಬೇಕು. ಫೋಟೋ ತೆಗೆಸಬಾರದು.

7. ಶಿಲುಬೆ ಹಾದಿ

ಯೆರೂಸಲೇಮಿಗೆ ಹೋದ ಯಾತ್ರಿಕರು ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದ ಹಾದಿಯಲ್ಲಿ ನಿಂತು ನಿಂತು ಪ್ರಾರ್ಥಿಸುತ್ತಿದ್ದರು. ಅಲ್ಲಿಗೆ ಹೋಗಲಾಗದವರಿಗೆ ಈ ಭಕ್ತಿಯನ್ನು ಊರೂರಿಗೆ ಹರಡಿದವರು ಮುಖ್ಯವಾಗಿ ಫ್ರಾನ್ಸಿಸ್ಕನ್ ಸಭೆಯವರು. 1731ರಲ್ಲಿ 12ನೇ ಕ್ಲೆಮೆಂಟ್ ಪೋಪ್ ಅವರು 14 ಸ್ಥಳ ಎಂದು ಗೊತ್ತುಪಡಿಸಿದರು.

ಈ ಕಾಲದಲ್ಲಿ ಶುಭ ಶುಕ್ರವಾರ ಸೇರಿ 7 ಶುಕ್ರವಾರ ಬರುತ್ತವೆ. ಗುಡ್ಡಕ್ಕೆ ಬರುವವರು ಬೆಳಿಗ್ಗೆ ಬೇಗ ಹತ್ತಿರಿ, ಹೊತ್ತೇರಿದ ಮೇಲೆ ಬಂಡೆ ಕಾಯ್ದು ಅಂಗಾಲು ಸುಡುತ್ತದೆ. ನೀರು ಜೊತೆಗಿರಲಿ. ಬರಲು ಆಗದವರು ಇದ್ದಲ್ಲೇ ಮಾಡಿರಿ. ಬೆಂಗಳೂರಿನ ಶೆಡ್ಡಿನಲ್ಲಿದ್ದರೂ ಸಂಜೆ ಕೂತು, ಬೆರಳ ಗೆಣ್ಣು ಎಣಿಸುತ್ತ 14 ಸ್ಥಳ ನೆನೆಯಬಹುದು.

ಐದನೆಯ ಸ್ಥಳದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿರಿ. ಸಿರೇನ್ ಊರಿನ ಸಿಮೋನನು ಹೊಲದ ಕಡೆಯಿಂದ ಬರುತ್ತಿದ್ದನು. ದಣಿದು ಮನೆಗೆ ಹೊರಟವನನ್ನು ಸಿಪಾಯಿಗಳು ಹಿಡಿದು ಶಿಲುಬೆ ಹೊರಿಸಿದರು. ತಪಸ್ಸು ಮಾಡಬೇಕೆಂದು ಬಂದವನಲ್ಲ, ಆದರೂ ಪ್ರಭುವಿನ ಭಾರ ಹಂಚಿಕೊಂಡವನು ಅವನೇ. ಕೆಲಸದ ಒತ್ತಡದಲ್ಲಿ ಉಪವಾಸ, ಪೂಜೆ ತಪ್ಪಿದವರು ಎದೆಗುಂದಬಾರದು. ದಣಿದಾಗ ಎದುರಿಗೆ ಬಂದ ಇನ್ನೊಬ್ಬರ ಭಾರಕ್ಕೆ ಹೆಗಲು ಕೊಟ್ಟರೆ ಅವರೂ ಶಿಲುಬೆ ಹಾದಿಯಲ್ಲೇ ಇದ್ದಾರೆ.

8. ಮುರಿದ ಮಾತು ಕೂಡಿಸುವುದು

ಬದುವಿನ ಜಗಳ, ಪಾಲಿನ ಜಗಳ, ಮದುವೆಯಲ್ಲಿ ಕರೆಯಲಿಲ್ಲ ಎಂಬ ಸಿಟ್ಟು, ಹೀಗೆ ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮಲ್ಲಿ ಕಡಿಮೆಯಿಲ್ಲ. ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಬೇಸರ ಇದೆ ಎಂದು ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂಬುದು ಪ್ರಭುವಿನ ಅಪ್ಪಣೆ. ಪಾಪನಿವೇದನೆಗೆ ಸಾಲಿನಲ್ಲಿ ನಿಲ್ಲುವ ಮೊದಲು ಅವರ ಮನೆ ಬಾಗಿಲಿಗೆ ಹೋಗಿಬರಬೇಕು. ಕೋರ್ಟಿನಲ್ಲಿ ಕೇಸು ಇದ್ದರೆ ಅದು ತನ್ನಷ್ಟಕ್ಕೆ ನಡೆಯಲಿ. "ಆರಾಮಿದ್ದೀಯೇನಪ್ಪಾ?" ಎನ್ನುವ ಒಂದು ಮಾತಿಗೆ ವಕೀಲರ ಅನುಮತಿ ಬೇಕಾಗಿಲ್ಲ. ಊಟ ಬಿಡುವುದಕ್ಕಿಂತ ಇದು ಬಹಳ ಕಷ್ಟ. ಅದಕ್ಕೇ ನಲವತ್ತು ದಿನ ಕೊಟ್ಟಿದೆ.

ಮನೆಮಂದಿ ಕೂತು ಕೇಳಿಕೊಳ್ಳುವ ಪ್ರಶ್ನೆಗಳು

1) ನಾನು ಬಿಟ್ಟ ಊಟ ಅಥವಾ ರೊಕ್ಕ ಯಾರಿಗೆ ಮುಟ್ಟಿತು?
2) ನನ್ನ ಉಪವಾಸದಿಂದ ಮನೆಯವರಿಗೆ ಭಾರವಾಯಿತೋ, ಹಗುರವಾಯಿತೋ?
3) ಯಾರ ಕೂಲಿ, ಯಾರ ಸಾಲ ನನ್ನಲ್ಲಿ ಉಳಿದಿದೆ?
4) ಪಾಸ್ಕದೊಳಗೆ ಯಾರನ್ನು ಮಾತಾಡಿಸಬೇಕು?
5) ಪಾಸ್ಕ ಆದ ಮೇಲೂ ಬಿಟ್ಟೇ ಇರಬೇಕಾದದ್ದು ಯಾವುದು?

ಪ್ರಿಯ ಯಾತ್ರಿಕರೇ, ಗುಡ್ಡ ಹತ್ತಿದ ನಿಮ್ಮ ಕಾಲಿಗೆ, ಹಿಡಿ ಕಾಳು ಎತ್ತಿಟ್ಟ ನಿಮ್ಮ ಕೈಗೆ ಪ್ರಭು ಬಲ ಕೊಡಲಿ. ನಿಮ್ಮ ಮನೆಯ ರೊಟ್ಟಿ ಬುಟ್ಟಿ ಬರಿದಾಗದಿರಲಿ. ಪಾಸ್ಕದ ರಾತ್ರಿ ದೀಪ ಹಿಡಿದು ನಿಂತಾಗ ನಿಮ್ಮ ಪಕ್ಕದಲ್ಲಿ ಮಾತು ಬಿಟ್ಟವರೂ ನಿಂತಿರಲಿ. ಆಮೆನ್.