ಆಫ್ರಿಕದ ನಗರಗಳಲ್ಲಿ ಆ್ಯಪ್ ಟ್ಯಾಕ್ಸಿ: ಪರೀಕ್ಷಾ ಟಿಪ್ಪಣಿ

1. ಲಕ್ಷಣ: ಪ್ರಯಾಣಿಕನನ್ನೂ ಚಾಲಕನನ್ನೂ ಮೊಬೈಲ್ ಮೂಲಕ ಜೋಡಿಸಿ, ದರವನ್ನು ಪೂರ್ವಭಾವಿಯಾಗಿ ಸೂಚಿಸಿ, ಬಾಡಿಗೆಯಲ್ಲಿ ಕಮಿಷನ್ ಪಡೆಯುವ ವ್ಯವಸ್ಥೆ.

2. ಕಾಲಕ್ರಮ (ಉಬರ್ ಆ್ಯಪ್ ಟ್ಯಾಕ್ಸಿಯ ಆರಂಭ): ಜೋಹಾನ್ಸ್‌ಬರ್ಗ್ 2013, ಲಾಗೋಸ್ 2014, ನೈರೋಬಿ 2015.

3. ಪರಿಣಾಮ: ದರದ ಚೌಕಾಶಿಯನ್ನು ತಗ್ಗಿಸಿ, ಪ್ರಯಾಣದ ದಾಖಲೆಯಿಂದ ಸುರಕ್ಷತೆಯ ಭರವಸೆಯನ್ನಿತ್ತು, ಅನೇಕ ಯುವಕರಿಗೆ ಜೀವನೋಪಾಯವನ್ನು ಕಲ್ಪಿಸಿದ ಈ ಸೇವೆಯು, ಅದೇ ಕಾಲದಲ್ಲಿ ಸಾಂಪ್ರದಾಯಿಕ ಟ್ಯಾಕ್ಸಿ ಚಾಲಕರೊಡನೆ ಸಂಘರ್ಷಕ್ಕೂ, ಕಮಿಷನ್ನಿನ ಹೊರೆಯಿಂದ ತನ್ನ ಚಾಲಕರ ಅಸಂತೋಷಕ್ಕೂ ಕಾರಣವಾಯಿತು.

4. ನಿಯಂತ್ರಣ: ಕೀನ್ಯಾದ 2022ರ ನಿಯಮಾವಳಿಯು ಕಮಿಷನ್ನಿಗೆ ಶೇ. 18ರ ಮಿತಿ ವಿಧಿಸಿತು. ಲಾಗೋಸ್ ರಾಜ್ಯವು 2020ರಲ್ಲಿ ಪ್ರಮುಖ ಪ್ರದೇಶಗಳಲ್ಲಿ ಬಾಡಿಗೆ ಬೈಕುಗಳನ್ನು ನಿಷೇಧಿಸಿದುದರಿಂದ ಬೈಕ್ ಆ್ಯಪ್‌ಗಳಿಗೂ ಪೆಟ್ಟು ಬಿದ್ದಿತು.

5. ಗೊಂದಲ ಬೇಡ:
- ಮಟಾಟು: ಕೀನ್ಯಾದ ಮಿನಿಬಸ್; ಡ್ಯಾನ್ಫೊ: ಲಾಗೋಸಿನದು.
- ಬೋಡಾ ಬೋಡಾ: ಪೂರ್ವ ಆಫ್ರಿಕದ ಬಾಡಿಗೆ ಬೈಕ್, ಒಕಾಡ: ನೈಜೀರಿಯಾದ್ದು.
- ಬೋಲ್ಟ್ (2019ರವರೆಗೆ ಟ್ಯಾಕ್ಸಿಫೈ): ಆ್ಯಪ್ ಟ್ಯಾಕ್ಸಿ ಕಂಪನಿ; ಮೂಲ ಎಸ್ಟೋನಿಯಾ, ಆಫ್ರಿಕವಲ್ಲ.
- ಸೇಫ್‌ಬೋಡಾ: ಬೈಕ್ ಆ್ಯಪ್; ಮೂಲ ಉಗಾಂಡದ ಕಂಪಾಲ.

6. ಸಾರ: ಜನಸಾಮಾನ್ಯರ ನಿತ್ಯಸಂಚಾರಕ್ಕೆ ಇಂದಿಗೂ ಮಿನಿಬಸ್ಸೇ ಆಧಾರವಾಗಿರುವುದರಿಂದ, ಆ್ಯಪ್ ಸೇವೆಯನ್ನು ಸಾರ್ವಜನಿಕ ಸಾರಿಗೆಗೆ ಪರ್ಯಾಯವೆಂದಲ್ಲ, ಪೂರಕವೆಂದೇ ಅಭ್ಯರ್ಥಿಗಳು ಬರೆಯತಕ್ಕದ್ದು.